ಇಳಿಯುವ ದಾರಿ

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ನನ್ನ ಮೊಮ್ಮಗ ತನ್ನ ತಂದೆಯ ಫೋನನ್ನು ತಂದು ನನ್ನ ಮೂಗಿನ ಮುಂದೆ ಹಿಡಿದ. ಅದರಲ್ಲಿ ಓಡುವ ಚಿತ್ರ. ಎತ್ತ ನೋಡಿದರೂ ಹಿಮ. ಹೆಲಿಕಾಪ್ಟರೊಂದು ಪರ್ವತದ ನೆತ್ತಿಯ ಮೇಲೆ ಬಂದು ಕುಳಿತಿತು. ತಂದೆ, ತಾಯಿ, ಇಬ್ಬರು ಮಕ್ಕಳು, ಹೀಗೆ ಒಂದು ಸಂಸಾರವೇ ಅದರಿಂದಿಳಿದು, ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಬಿಗಿದುಕೊಂಡು, ಇಳಿಜಾರಿನಲ್ಲಿ ಜಾರುತ್ತ ಹೊರಟಿತು. ಹೆಲಿಕಾಪ್ಟರು ಅವರನ್ನು ಅಲ್ಲಿಯೇ ಬಿಟ್ಟು ಹಾರಿಹೋಯಿತು.

"ತಾತ, ನಾವೂ ಹೋಗೋಣವಾ?" ಎಂದ ಹುಡುಗ.

"ಮೊದಲು ನಂದಿಬೆಟ್ಟಕ್ಕೆ ಹೋಗೋಣ. ಹಿಮದ ವಿಚಾರ ಆಮೇಲೆ" ಎಂದೆ. ಹಿರಿಯರು ಬಾಯಿತಪ್ಪಿ ಆಡಿದ ಮಾತನ್ನು ಮಕ್ಕಳು ಮರೆಯುವುದುಂಟೆ? ಮುಂದಿನ ರಜೆಯ ದಿನವೇ ಹೊರಡಬೇಕಾಯಿತು.

ಈ ಹಿಮದಾಟದ ವಿಷಯವನ್ನು ನಾನು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಆಸ್ಟ್ರಿಯಾದಿಂದ ಕೆನಡಾಕ್ಕೆ ವಲಸೆ ಹೋಗಿದ್ದ ಹಾನ್ಸ್ ಗ್ಮೋಸರ್ ಎಂಬ ಪರ್ವತ ಮಾರ್ಗದರ್ಶಕನು 1965ರಲ್ಲಿ ಅಲ್ಲಿನ ಬುಗಾಬೂ ಪರ್ವತಗಳಲ್ಲಿ ಇದನ್ನು ಒಂದು ಉದ್ಯಮವಾಗಿ ನಡೆಸಲು ಆರಂಭಿಸಿದನಂತೆ. ನೋಡುವವರಿಗೆ ಅದು ಹಣವಂತರ ಮೋಜು. ಮೋಜೇ ಸರಿ. ಆದರೆ ಹಾರುವ ಮುನ್ನ ಪ್ರತಿಯೊಬ್ಬರಿಗೂ ಪಾಠವಾಗಬೇಕು. ಹಿಮ ಕುಸಿದು ಯಾರಾದರೂ ಹೂತುಹೋದರೆ ಹುಡುಕಲೆಂದು ಎಲ್ಲರ ಎದೆಯ ಮೇಲೂ ಸಂಕೇತ ಕಳುಹಿಸುವ ಒಂದು ಪುಟ್ಟ ಯಂತ್ರ, ಬೆನ್ನಚೀಲದಲ್ಲಿ ಸಲಿಕೆ, ಹಿಮವನ್ನು ಚುಚ್ಚಿ ನೋಡುವ ಕಡ್ಡಿ ಇರಬೇಕು. ಮಾರ್ಗದರ್ಶಕ ಮೊದಲು ಇಳಿಯುತ್ತಾನೆ. ಅವನು ತೋರಿಸಿದ ಕಡೆಯಲ್ಲೇ ಉಳಿದವರು ಇಳಿಯಬೇಕು. ಹತ್ತುವ ಕೆಲಸವನ್ನು ಯಂತ್ರಕ್ಕೆ ಬಿಟ್ಟವರು ಇಳಿಯುವ ಕೆಲಸಕ್ಕೆ ಇಷ್ಟೊಂದು ಸಿದ್ಧರಾಗುತ್ತಾರೆ.

ನಮ್ಮ ಸಿದ್ಧತೆಯನ್ನು ಕೇಳಿ. ಶಿಡ್ಲಘಟ್ಟದಿಂದ ಬೆಳಗಿನ ಬಸ್ಸು ಹಿಡಿದು ಚಿಕ್ಕಬಳ್ಳಾಪುರಕ್ಕೆ ಬಂದೆವು. ಮಗ, ಸೊಸೆ, ಮೊಮ್ಮಗ, ಮೊಮ್ಮಗಳು, ನಾನು. ಡಬ್ಬಿಯಲ್ಲಿ ಅವರೆಕಾಳಿನ ಉಪ್ಪಿಟ್ಟು, ಇನ್ನೊಂದರಲ್ಲಿ ಮೊಸರನ್ನ. ನನ್ನ ಕಾಲಲ್ಲಿ ದಿನವೂ ಪೇಟೆಗೆ ಹೋಗುವ ಚಪ್ಪಲಿ, ಉಟ್ಟದ್ದು ಪಂಚೆ. ನೀರಿನ ಬಾಟಲಿ ಎರಡೇ ಎರಡು. ಹಗ್ಗ, ಕೋಲು ಯಾವುದೂ ಇಲ್ಲ. ನಂದಿಬೆಟ್ಟಕ್ಕೆ ಹಗ್ಗವೇಕೆ ಎಂದು ನೀವು ನಗಬಹುದು. ನಾನೂ ಅಂದು ನಗುತ್ತಿದ್ದೆ.

ಸುಲ್ತಾನಪೇಟೆಯ ಮೆಟ್ಟಿಲುಗಳ ದಾರಿಯಲ್ಲೇ ಹತ್ತಬೇಕೆಂದು ಹಟ ಹಿಡಿದವನು ನಾನೇ. ಬಾಲ್ಯದಲ್ಲಿ ನಮ್ಮ ತಂದೆ ನನ್ನನ್ನು ಆ ದಾರಿಯಲ್ಲೇ ಕರೆತಂದಿದ್ದರು. ಹತ್ತಿದೆವು. ಹತ್ತುವುದು ಕಷ್ಟವೆನ್ನುತ್ತಾರೆ, ನನಗೇನೋ ಹಾಗೆನಿಸಲಿಲ್ಲ. ಏದುಸಿರು ಬಂದರೆ ಕೂರುವುದು, ಆರಿದರೆ ಏಳುವುದು, ಅಷ್ಟೆ. ಮುಂದಿನ ಮೆಟ್ಟಿಲು ಕಣ್ಣೆದುರಿಗೇ ಇರುತ್ತದೆ.

ಮೇಲೆ ಏನೇನಿದೆ ಎಂಬುದನ್ನು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. 4851 ಅಡಿ ಎತ್ತರದ ತಂಪು, ಯೋಗನಂದೀಶ್ವರನ ಗುಡಿ, ಅಮೃತ ಸರೋವರ, 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ತಂಗಿದ್ದ ಮನೆ. ಕಡಿದಾದ ಬಂಡೆಗಳನ್ನೇ ನಂಬಿ ನಿಂತಿದ್ದ ಕೋಟೆಯನ್ನು ಕಾರ್ನ್‌ವಾಲಿಸನ ಸೈನ್ಯ 1791ರ ಅಕ್ಟೋಬರಿನಲ್ಲಿ ಮುತ್ತಿಗೆ ಹಾಕಿ ಹಿಡಿದ ಕಥೆಯನ್ನು ಮಕ್ಕಳಿಗೆ ಹೇಳಲು ಹೊರಟೆ. ಅಷ್ಟರಲ್ಲಿ ಒಂದು ಕೋತಿ ಉಪ್ಪಿಟ್ಟಿನ ಡಬ್ಬಿಯನ್ನು ಹಿಡಿದುಕೊಂಡು ಹೋಯಿತು. ಮಕ್ಕಳಿಗೆ ಆ ಮುತ್ತಿಗೆಯೇ ಹೆಚ್ಚು ಸ್ವಾರಸ್ಯವಾಗಿ ಕಂಡಿತು.

ಮಧ್ಯಾಹ್ನ ಇಳಿಯತೊಡಗಿದೆವು. ಮುಕ್ಕಾಲು ದಾರಿ ಇಳಿದಿರಬಹುದು. ಮೊಮ್ಮಗ ಮೆಟ್ಟಿಲು ಬಿಟ್ಟು ಪಕ್ಕದ ಬಂಡೆಯ ಮೇಲೆ ಓಡಿದ. "ಇಲ್ಲಿಂದ ಹತ್ತಿರ ತಾತ, ಕೆಳಗೆ ದಾರಿ ಕಾಣುತ್ತೆ!" ಎಂದು ಕೂಗಿದ. ಮಗ, ಸೊಸೆ ಚಿಕ್ಕವಳನ್ನು ಕರೆದುಕೊಂಡು ಮುಂದೆ ಹೋಗಿದ್ದರು. ಹುಡುಗನನ್ನು ಹಿಡಿದು ತರೋಣವೆಂದು ನಾನೂ ಬಂಡೆಗೆ ಕಾಲಿಟ್ಟೆ.

ನಮ್ಮ ಕಡೆಯ ಬಂಡೆಗಳ ಗುಣವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಇವು ಆನೆಯ ಬೆನ್ನಿನಂತೆ ದುಂಡಗಿನ ಬಂಡೆಗಳು. ಬಿಸಿಲು, ಮಳೆ, ಗಾಳಿಗೆ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಟ್ಟುಕೊಂಡು ಬರುತ್ತವೆ. ಉದುರಿದ ಪುಡಿ ಮೇಲೆಯೇ ರಾಗಿಕಾಳಿನಂತೆ ಹರಡಿಕೊಂಡಿರುತ್ತದೆ. ನೀರು ಜಿನುಗುವ ಕಡೆ ಕಪ್ಪು ಗೆರೆಗಳಿರುತ್ತವೆ. ಒದ್ದೆಯಾಗಿದ್ದಾಗ ಅವು ಎಣ್ಣೆ ಸವರಿದಂತೆ. ಇವೆಲ್ಲಕ್ಕಿಂತ ಮೋಸದ್ದು ಆ ದುಂಡು. ಆನೆಯ ಬೆನ್ನಿನ ಮೇಲೆ ನಿಂತವನಿಗೆ ಪಕ್ಕೆ ಕಾಣುವುದಿಲ್ಲ. ಮೊದಲ ಹತ್ತು ಹೆಜ್ಜೆ ಅಂಗಳದಂತಿರುತ್ತದೆ. ಮುಂದಿನ ಹತ್ತು ಸ್ವಲ್ಪ ಓರೆ. ಆಮೇಲೆ ನೋಡಿದರೆ ಗೋಡೆ. ದೂರದ ದಾರಿ ಕಣ್ಣಿಗೆ ಕಾಣುತ್ತದೆ, ಕಾಲ ಕೆಳಗಿನ ಹತ್ತು ಅಡಿ ಕಾಣುವುದಿಲ್ಲ.

ಹುಡುಗ ಒಂದು ಸೀಳಿನಲ್ಲಿ ಕಾಲಿಟ್ಟುಕೊಂಡು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು. ಅವನ ಹತ್ತಿರ ತಲುಪಿ ಕೈ ಹಿಡಿದ ಮೇಲೆ ತಿಳಿಯಿತು: ಈಗ ನಾನೂ ಹಿಂದಕ್ಕೆ ಹೋಗಲಾರೆ. ಮೊಣಕಾಲು ತಾನಾಗಿ ನಡುಗುತ್ತಿತ್ತು. ಚಪ್ಪಲಿಯ ಕೆಳಗೆ ಆ ಪುಡಿ ಸರಸರನೆ ಸರಿಯುತ್ತಿತ್ತು.

ಆಗ ನನಗೆ ನೆನಪಾದದ್ದು 2022ರ ಫೆಬ್ರವರಿ 20. ಅಂದು ಭಾನುವಾರ. ನಂದಿಯ ನೆರೆಯ ಬ್ರಹ್ಮಗಿರಿಯಲ್ಲಿ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬ ಕಾಲು ಜಾರಿ ಸುಮಾರು 300 ಅಡಿ ಕೆಳಕ್ಕೆ ಬಿದ್ದು, ಬಂಡೆಯ ಒಂದು ಚಾಚಿನಲ್ಲಿ ಸಿಕ್ಕಿಕೊಂಡಿದ್ದ. ತಾನಿರುವ ಜಾಗವನ್ನು ಫೋನಿನಿಂದಲೇ ಪೊಲೀಸರಿಗೆ ತಿಳಿಸಿದ. ವಿಪತ್ತು ಪರಿಹಾರ ಪಡೆಯವರು ಬಂದು ಪ್ರಯತ್ನಿಸಿದರು, ತಲುಪಲಾಗಲಿಲ್ಲ. ಜಿಲ್ಲಾಡಳಿತ ಯಲಹಂಕದ ವಾಯುನೆಲೆಯ ಸಹಾಯ ಕೇಳಿತು. ವಾಯುಪಡೆಯ ಎಂಐ-17 ಹೆಲಿಕಾಪ್ಟರು ಬಂದಿತು. ಇಳಿಯಲು ಜಾಗವೆಲ್ಲಿ? ಆಕಾಶದಲ್ಲೇ ನಿಂತುಕೊಂಡು ಒಬ್ಬ ಯೋಧನನ್ನು ಹಗ್ಗದಲ್ಲಿ ಇಳಿಬಿಟ್ಟು, ಹುಡುಗನನ್ನು ಮೇಲಕ್ಕೆಳೆದುಕೊಂಡು ಹೋದರು. ಅದೇ ತಿಂಗಳ ಮೊದಲ ಭಾಗದಲ್ಲಿ ಕೇರಳದ ಮಲಂಪುಳದ ಬೆಟ್ಟದ ಸೀಳಿನಲ್ಲಿ ಸಿಕ್ಕಿಕೊಂಡಿದ್ದ ಯುವಕನನ್ನು ಸೈನ್ಯದವರು ಹೊರತೆಗೆದಿದ್ದರು.

ಹಿಮದ ನಾಡಿನಲ್ಲಿ ಹೆಲಿಕಾಪ್ಟರು ಜನರನ್ನು ಬೆಟ್ಟಕ್ಕೆ ಹತ್ತಿಸುತ್ತದೆ, ನಮ್ಮಲ್ಲಿ ಇಳಿಸುವುದಕ್ಕೆ ಬರಬೇಕಾಯಿತು ಎಂದು ಆ ಸ್ಥಿತಿಯಲ್ಲೂ ನನಗೆ ನಗು ಬಂತು. ನಗು ಬಂದದ್ದು ಧೈರ್ಯದಿಂದಲ್ಲ.

ಅಷ್ಟರಲ್ಲಿ ಕೆಳಗಿನಿಂದ ಒಂದು ಹೆಂಗಸಿನ ದನಿ. ಮೇಕೆ ಮೇಯಿಸುತ್ತಿದ್ದವಳು. "ನಿಂತ್ಕೊಂಡು ಬರಬೇಡಿ ಸಾಮಿ, ಕುಂತ್ಕೊಳಿ. ಚಪ್ಪಲಿ ತೆಗೆದು ಬಿಸಾಕಿ. ಕರೇ ಗೆರೆ ಬಿಟ್ಟು ಈ ಕಡೆಯಿಂದ ಜಾರ್ಕೊಂಡು ಬನ್ನಿ."

"ಬಿದ್ದರೆ?"

"ಕುಂತೋರು ಎಲ್ಲಿ ಬೀಳ್ತಾರೆ?"

ಚಪ್ಪಲಿ ಎಸೆದೆ. ಅವು ಉರುಳಿ ಹೋದ ವೇಗವನ್ನು ನೋಡಬಾರದಿತ್ತು. ಹುಡುಗನನ್ನು ನನ್ನ ಹಿಂದೆ ಕೂರಿಸಿಕೊಂಡು, ಎರಡೂ ಅಂಗೈಗಳನ್ನು ಬಂಡೆಗೆ ಒತ್ತಿ, ಗೇಣು ಗೇಣಾಗಿ ಜಾರತೊಡಗಿದೆ. ಅವಳು ಕೆಳಗೆ ನಿಂತು, "ಎಡಗಾಲು ಇನ್ನೊಂಚೂರು, ಅಲ್ಲಿ ಒಂದು ಗೂಡಿದೆ, ಅದರಲ್ಲಿಡಿ" ಎಂದು ಒಂದೊಂದು ಹೆಜ್ಜೆಯನ್ನೂ ಹೇಳಿಕೊಟ್ಟಳು. ನನಗೆ ಕಾಣದಿದ್ದ ಆ ಹತ್ತು ಅಡಿ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಕಾಲು ಗಂಟೆ ಹಿಡಿದಿರಬೇಕು. ನೆಲ ಸಿಕ್ಕಾಗ ಅಂಗೈಯ ಚರ್ಮ ಕಿತ್ತುಹೋಗಿತ್ತು, ಪಂಚೆಯ ಹಿಂಭಾಗದ ವಿಷಯ ಹೇಳುವಂತಿರಲಿಲ್ಲ. ಕೊಡಹೋದ ಹಣವನ್ನು ಅವಳು ಮುಟ್ಟಲಿಲ್ಲ. ಉಳಿದಿದ್ದ ಮೊಸರನ್ನವನ್ನು ಮಾತ್ರ ತೆಗೆದುಕೊಂಡಳು.

ಈಗ ಬೆಟ್ಟಕ್ಕೆ ಹೋಗುವ ಸಂಸಾರಗಳನ್ನು ಕಂಡರೆ ನನ್ನ ಕಣ್ಣು ಮೊದಲು ಅವರ ಕಾಲಿನ ಕಡೆಗೆ ಹೋಗುತ್ತದೆ. ಇಳಿಯಲು ಹಗಲು ಎಷ್ಟು ಉಳಿದಿದೆ, ಫೋನಿನಲ್ಲಿ ಚಾರ್ಜ್ ಇದೆಯೆ, ಹೋದ ದಾರಿ ಮನೆಯಲ್ಲಿ ಯಾರಿಗಾದರೂ ಗೊತ್ತೆ ಎಂದು ಕೇಳುತ್ತೇನೆ. ಬಿಗಿಯಾದ ಬೂಟು ಹಾಕಿಕೊಳ್ಳಿ, ಮಕ್ಕಳನ್ನು ನಡುವೆ ಬಿಟ್ಟು ಹಿರಿಯರೊಬ್ಬರು ಮುಂದೆ ಇಳಿಯಿರಿ ಎನ್ನುತ್ತೇನೆ. 2021ರ ಆಗಸ್ಟಿನ ಮಳೆಗೆ ನಂದಿಯ ರಸ್ತೆಯೇ ಕುಸಿದು ಬೆಟ್ಟವನ್ನು ಕೆಲವು ತಿಂಗಳು ಮುಚ್ಚಬೇಕಾಗಿ ಬಂದಿತ್ತು ಎಂಬುದನ್ನೂ ಸೇರಿಸುತ್ತೇನೆ. ಕೆಲವರು ಕೇಳಿಸಿಕೊಳ್ಳುತ್ತಾರೆ. ಕೆಲವರು, ಈ ಮುದುಕನಿಗೆ ಬೇರೆ ಕೆಲಸವಿಲ್ಲ ಎಂದು ಹೋಗಿಬಿಡುತ್ತಾರೆ.

ಅಂದು ಮನೆಗೆ ಬಂದ ಮೇಲೆ ಮೊಮ್ಮಗ ಬೀದಿಯವರಿಗೆಲ್ಲ ಸುದ್ದಿ ಹೇಳಿ ಬಂದ: ತನ್ನ ತಾತ ಹೆಲಿಕಾಪ್ಟರೂ ಇಲ್ಲದೆ, ಹಿಮವೂ ಇಲ್ಲದೆ, ಬೆಟ್ಟದಿಂದ ಜಾರಿ ಬಂದರೆಂದು. ಸೊಸೆ ಆ ಪಂಚೆಯನ್ನು ಎತ್ತಿ ನೋಡಿ, "ಮಾವ, ಇದನ್ನು ಒರೆಸುವ ಬಟ್ಟೆಗೆ ಹಾಕಲಾ?" ಎಂದು ಕೇಳಿದಳು. ಹಾಕು ಎಂದೆ.