ಸ್ವಿಚ್‌ನ ಎಚ್ಚರಿಕೆ ಸಂದೇಶಗಳು: ಯಾವುದು ಬೇಕು, ಯಾವುದು ಬೇಡ

(ಜಾಲ ನಿರ್ವಹಣಾ ಸಿಬ್ಬಂದಿಯ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ನಮೂನೆ 9ಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಪಂಚಾಯಿತಿಗೆ ಬಂದವರಿಗೆ ‘ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ದೊರೆತರೆ ಮರುದಿನದ ಕೂಲಿಯೂ ಹೋಗುತ್ತದೆ. ಸಂಪರ್ಕ ಕಡಿದ ಸಂಗತಿ ಜನರ ದೂರಿಗೆ ಮುನ್ನವೇ ನಿರ್ವಾಹಕರಿಗೆ ತಿಳಿಯಬೇಕು. ಸ್ವಿಚ್ ಅದನ್ನು ತಾನಾಗಿಯೇ ಹೇಳಬಲ್ಲದು. ಹೇಳುವಂತೆ ಮೊದಲೇ ಆದೇಶಿಸಿರಬೇಕು.

ಸಿಸ್ಕೋ ಐಒಎಸ್ ತಂತ್ರಾಂಶವನ್ನೇ ಉದಾಹರಣೆಯಾಗಿಟ್ಟುಕೊಳ್ಳಬಹುದು. ಸಂದೇಶ ಹೊರಡುವ ದಾರಿಗಳು ಎರಡು: ಎಸ್‌ಎನ್‌ಎಂಪಿ ಟ್ರ್ಯಾಪ್, ಯುಡಿಪಿ 162ನೆಯ ಪೋರ್ಟಿಗೆ, ಸಿಸ್‌ಲಾಗ್, 514ಕ್ಕೆ. ‘ಎಸ್‌ಎನ್‌ಎಂಪಿ-ಸರ್ವರ್ ಹೋಸ್ಟ್’ ಎಂಬ ಆದೇಶದಲ್ಲಿ ಸ್ವೀಕರಿಸುವ ಗಣಕದ ವಿಳಾಸವನ್ನು ನಮೂದಿಸಬೇಕು. ಎರಡನೆಯ ಆವೃತ್ತಿಯಲ್ಲಿ ಗುಪ್ತಪದವು ತೆರೆದ ಅಂಚೆಕಾರ್ಡಿನಂತೆ ಸಾಗುವುದರಿಂದ, ಗೂಢಲಿಪೀಕರಣವುಳ್ಳ ಮೂರನೆಯ ಆವೃತ್ತಿಯನ್ನೇ ಬಳಸುವುದು ಯುಕ್ತ.

ಬಹುತೇಕ ತೊಡಕು ಇದರ ನಂತರ ಆರಂಭವಾಗುತ್ತದೆ. ‘ಎಸ್‌ಎನ್‌ಎಂಪಿ-ಸರ್ವರ್ ಎನೇಬಲ್ ಟ್ರ್ಯಾಪ್ಸ್’ ಎಂದಷ್ಟೇ ಬರೆದು ನಿಲ್ಲಿಸಿದರೆ ಎಲ್ಲ ಬಗೆಯ ಟ್ರ್ಯಾಪ್‌ಗಳೂ ತೆರೆದುಕೊಳ್ಳುತ್ತವೆ. ಬೆಳಿಗ್ಗೆ ಮೇಜಿನ ಗಣಕಗಳು ಹೊತ್ತಿದಾಗ, ಸಂಜೆ ಆರಿದಾಗ, ಪ್ರತಿ ಪೋರ್ಟೂ ಒಂದೊಂದು ಸಂದೇಶ ಕಳುಹಿಸುತ್ತದೆ. ಮೂರೇ ದಿನಗಳಲ್ಲಿ ಆ ಸಂದೇಶಗಳನ್ನು ತೆರೆದು ನೋಡುವವರೇ ಇರುವುದಿಲ್ಲ. ಇದು ಸಿಬ್ಬಂದಿಯ ದೋಷವಲ್ಲ, ಸಂಯೋಜನೆಯ ದೋಷ. ಮೇಜಿನ ಪೋರ್ಟ್‌ಗಳಲ್ಲಿ ‘ನೋ ಎಸ್‌ಎನ್‌ಎಂಪಿ ಟ್ರ್ಯಾಪ್ ಲಿಂಕ್-ಸ್ಟೇಟಸ್’ ಎಂದು ನೀಡಿ, ಸರ್ವರ್ ಮತ್ತು ಮೇಲ್‌ಸಂಪರ್ಕದ ಪೋರ್ಟ್‌ಗಳನ್ನಷ್ಟೇ ಉಳಿಸಿಕೊಳ್ಳಬೇಕು.

ಸಿಸ್‌ಲಾಗ್‌ನಲ್ಲಿ ತೀವ್ರತೆ 0ಯಿಂದ 7ರವರೆಗೆ. ಅಂಕಿ ಕಿರಿದಾದಷ್ಟೂ ಅಪಾಯ ಹಿರಿದು. ‘ಲಾಗಿಂಗ್ ಟ್ರ್ಯಾಪ್ 4’ ಎಂದರೆ ಸದ್ದು ಅಡಗುವುದೆಂದು ಅನೇಕರು ನಂಬುತ್ತಾರೆ. ಆದರೆ ಪೋರ್ಟ್ ಏರಿಳಿತದ ಸಂದೇಶದ ತೀವ್ರತೆಯೇ 3. ಅದು ಜರಡಿಯಲ್ಲಿ ನಿಲ್ಲುವುದಿಲ್ಲ. ಆಯಾ ಪೋರ್ಟಿನಲ್ಲಿಯೇ ‘ನೋ ಲಾಗಿಂಗ್ ಈವೆಂಟ್ ಲಿಂಕ್-ಸ್ಟೇಟಸ್’ ನೀಡಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಸಂಗತಿ. ಮೇಲ್‌ಸಂಪರ್ಕದ ಏಕೈಕ ತಂತಿಯೇ ಕಡಿದರೆ, ಕಡಿದಿದೆ ಎಂಬ ಸಂದೇಶ ಹೋಗಬೇಕಾದದ್ದೂ ಅದೇ ತಂತಿಯ ಮೂಲಕ. ಟ್ರ್ಯಾಪ್ ಅಲ್ಲಿಯೇ ಕಳೆದುಹೋಗುತ್ತದೆ. ಸ್ವೀಕೃತಿ ಬೇಡುವ ‘ಇನ್‌ಫಾರ್ಮ್’ ಬಗೆಯಾದರೆ ಕೆಲವು ಬಾರಿ ಮರುಯತ್ನ ನಡೆಯುತ್ತದೆ, ದೀರ್ಘ ಕಡಿತಕ್ಕೆ ಅದೂ ಸಾಲದು. ಆದುದರಿಂದ ತಂತಿಯ ಮತ್ತೊಂದು ತುದಿಯಲ್ಲಿರುವ ಮೇಲಿನ ಸ್ವಿಚ್‌ಗೆ ವರದಿಯ ಹೊಣೆ ವಹಿಸಬೇಕು. ನಡುವೆ ಬೇರೆ ಉಪಕರಣವಿದ್ದರೆ ಆ ತುದಿ ಜೀವಂತವಾಗಿಯೇ ತೋರಬಹುದು. ಅದಕ್ಕಾಗಿ ಕೇಂದ್ರದ ಗಣಕವು ನಿಯತವಾಗಿ ಪಿಂಗ್ ಮಾಡಿ ಕೆಳಗಿನ ಸ್ವಿಚ್‌ನ ಮೌನವನ್ನೂ ಎಚ್ಚರಿಕೆಯೆಂದೇ ಎಣಿಸಬೇಕು.

ಬದಲಾವಣೆಗಳನ್ನು ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’ ಎಂದು ಉಳಿಸದಿದ್ದರೆ ಮುಂದಿನ ವಿದ್ಯುತ್ ಕಡಿತದಲ್ಲಿ ಸ್ವಿಚ್ ಎಲ್ಲವನ್ನೂ ಮರೆಯುತ್ತದೆ. ಪರೀಕ್ಷೆಗೆ ಕಚೇರಿ ಅವಧಿ ಮುಗಿದ ಮೇಲೆ, ಸ್ಥಳದಲ್ಲಿಯೇ ನಿಂತು, ತಂತಿಯನ್ನು ಕೈಯಾರೆ ಕಿತ್ತು ನೋಡುವುದು ಒಳಿತು. ದೂರದಿಂದ ಲಾಗಿನ್ ಆಗಿ ಮೇಲ್‌ಸಂಪರ್ಕದ ಪೋರ್ಟಿಗೆ ‘ಷಟ್‌ಡೌನ್’ ನೀಡಿದವರು, ಅದನ್ನು ಮತ್ತೆ ತೆರೆಯಲು ವಾಹನ ಹುಡುಕಬೇಕಾಗುತ್ತದೆ.