ಸಾಬೂನಿಗೊಂದು ತಾಸು, ನಮ್ಮ ಕೈಗೊಂದು ಕೂಲಿ

(ಬೆಳಗಾವಿ ಮತ್ತು ಖಾನಾಪುರ ಭಾಗದ ಸ್ವಸಹಾಯ ಸಂಘಗಳ ಸಭೆಯಲ್ಲಿ ಸದಸ್ಯೆಯೊಬ್ಬರು ಆಡಿದ ಮಾತುಗಳ ಬರಹರೂಪ)



ನನಗೆ ಭಾಷಣ ಮಾಡಿ ರೂಢಿ ಇಲ್ಲ. ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಓದುವುದಷ್ಟೇ ಗೊತ್ತು. "ನೀನು ಸಾಬೂನು ಮಾಡ್ತೀಯಲ್ಲ, ಅದನ್ನೇ ಹೇಳು" ಅಂದರು. ಅದಕ್ಕೆ ನಾನು ಮಾಡಿದ ತಪ್ಪುಗಳನ್ನೇ ಮೊದಲು ಹೇಳುತ್ತೇನೆ. ಅವನ್ನು ನೀವು ಮತ್ತೆ ಮಾಡುವುದು ಬೇಡ.

ನಮ್ಮದು ಖಾನಾಪುರ ತಾಲೂಕಿನ ಹಳ್ಳಿ. ಬೆಳಗಾವಿಯ ಒಂದು ಅಂಗಡಿಯಲ್ಲಿ ನನಗೆ ಕೆಲಸ. ಬೆಳಿಗ್ಗೆ 5ಕ್ಕೆ ಎದ್ದು, ರೊಟ್ಟಿ ಬಡಿದು, ಡಬ್ಬಿ ಕಟ್ಟಿ ಬಸ್ಸು ಹಿಡಿಯಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಟಿಕೆಟ್ಟಿನ ದುಡ್ಡು ಉಳಿಯಿತು. ಆ ದುಡ್ಡಿನಲ್ಲೇ ಸಾಬೂನಿಗೆ ಮೊದಲ ಎಣ್ಣೆ ತಂದೆ. ದುಡ್ಡು ಉಳಿಯಿತು ಖರೆ, ಆದರೆ ಹೊತ್ತು ಉಳಿಯಲಿಲ್ಲ. ನನ್ನ ಕಷ್ಟ ಎಲ್ಲ ಅಲ್ಲಿಂದಲೇ ಶುರುವಾಯಿತು.

ನಾವು ಹೆಂಗಸರು ಒಂದೇ ಸಲಕ್ಕೆ ನಾಲ್ಕು ಕೆಲಸ ಮಾಡುವವರು. ಒಂದು ಕಡೆ ಹಾಲು, ಇನ್ನೊಂದು ಕಡೆ ಮಗುವಿನ ಪಾಠ. ಹೊಲಿಗೆ, ಹಪ್ಪಳ, ಶ್ಯಾವಿಗೆ ಇವನ್ನೆಲ್ಲ ಅರ್ಧಕ್ಕೆ ಬಿಟ್ಟು ಎದ್ದು ಹೋಗಬಹುದು. ಸಾಬೂನು ಹಾಗಲ್ಲ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿದರೇ ಸಾಬೂನು. ಆ ಸೋಡಾ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ನೀರಿಗೆ ಹಾಕಿದ ಕೂಡಲೇ ಕುದಿಯುವಷ್ಟು ಬಿಸಿಯಾಗುತ್ತದೆ. ಆಮೇಲೆ ನೋಡಲು ಬರೀ ನೀರಿನ ಹಾಗೆಯೇ ಕಾಣುತ್ತದೆ.

ಒಂದು ಸಂಜೆ ಒಲೆಯ ಮೇಲೆ ರೊಟ್ಟಿ ಹಾಕಿಕೊಂಡೇ ಸೋಡಾ ಕರಗಿಸಿದೆ. ಆರಲಿ ಅಂತ ಸ್ಟೀಲ್ ಚಂಬಿನಲ್ಲಿ ಪಕ್ಕಕ್ಕೆ ಇಟ್ಟೆ. ನಾಲ್ಕು ವರ್ಷದ ಮಗ ಆಡಿ ದಣಿದು ಬಂದು, "ಅವ್ವಾ ನೀರು" ಅಂದವನೇ ಚಂಬು ಎತ್ತಿದ. ನಾನು ಬಡಿದು ಕೆಡವಿದೆ. ಅವನಿಗೆ ಏನೂ ಆಗಲಿಲ್ಲ, ಎಲ್ಲ ನನ್ನ ಎಡಗೈ ಮೇಲೆ ಬಿತ್ತು. ಅತ್ತೆ ಕೊಡದ ಮೇಲೆ ಕೊಡ ನೀರು ಸುರಿದರು. ಕಲೆ ಇನ್ನೂ ಇದೆ, ಬೇಕಾದರೆ ನೋಡಿರಿ. ಆ ರಾತ್ರಿ ಅತ್ತೆ ಅಂದರು: "ಹುಡುಗನ್ನ ನೋಡ್ಕೊಳ್ಳಾಕ ಆಗಲ್ಲಂದ್ರ ಸಾಬೂನ ಯಾಕ ಬೇಕ?" ನನಗೆ ಉತ್ತರ ಬರಲಿಲ್ಲ.

ಒಂದು ತಿಂಗಳು ಕೆಲಸ ಬಿಟ್ಟೆ. ಆಮೇಲೆ ಮನೆಯವರನ್ನು, ಅತ್ತೆಯನ್ನು ಕೂರಿಸಿಕೊಂಡು ಕೇಳಿದೆ: "ಸಾಬೂನು ಬಿಡಂದ್ರ ಬಿಡ್ತೀನಿ. ಮಾಡು ಅಂದ್ರ ನನಗ ವಾರಕ್ಕ ಎರಡು ಸಲ ಎರಡೆರಡು ತಾಸು ಕೊಡ್ರಿ. ಆ ಹೊತ್ತಿಗೆ ನನ್ನನ್ನ ಯಾರೂ ಕರೀಬ್ಯಾಡ್ರಿ." ಮನೆಯವರು ಸುಮ್ಮನೆ ಕುಳಿತರು. ಕಡೆಗೆ ಅತ್ತೆಯೇ "ಹುಡುಗನ್ನ ನಾ ನೋಡ್ತೀನಿ" ಅಂದರು. ಬುಧವಾರ, ಶನಿವಾರ ರಾತ್ರಿ ಅಡಿಗೆ ನಮ್ಮ ಮನೆಯವರದು. ಮೊದಲು ಅನ್ನ ಮುದ್ದೆಯಾಗುತ್ತಿತ್ತು, ಈಗ ಚಲೋ ಮಾಡುತ್ತಾರೆ. ಕೇಳದಿದ್ದರೆ ಈ ತಾಸು ನನಗೆ ಯಾರೂ ಕೊಡುತ್ತಿರಲಿಲ್ಲ ತಾಯಂದಿರೇ. ನಾನು ಕೇಳಿದೆ, ಸಿಕ್ಕಿತು.

ಕಲಿಯುವುದಕ್ಕೂ ಹೊತ್ತು ಬೇಕು. ಮೈಸೂರು ಸ್ಯಾಂಡಲ್ ಸಾಬೂನಿನ ಕಥೆ ಕೇಳಿರಿ. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತಿತು. ಆಗ ಮೈಸೂರು ಸಂಸ್ಥಾನ 1916ರಲ್ಲಿ ಗಂಧದ ಎಣ್ಣೆ ತೆಗೆಯಲು ಶುರುಮಾಡಿತು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಎಸ್.ಜಿ. ಶಾಸ್ತ್ರಿ ಎಂಬುವರನ್ನು ಸಾಬೂನಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳಿಸಿದರು. ಸಂಸ್ಥಾನವೇ ಕಲಿತು ಬರಲು ಜನ ಕಳಿಸಿದ ಕೆಲಸ ಇದು. ನಾವು ಒಂದು ದಿನದ ತರಬೇತಿಯಲ್ಲಿ ನೋಡಿ ಮರುದಿನ ಮಾರಲು ಹೊರಟರೆ ಹೇಗೆ?

ನಾನು ಕಲಿತದ್ದನ್ನು ಹೇಳುತ್ತೇನೆ, ಬರೆದುಕೊಳ್ಳಿರಿ. ಎಣ್ಣೆ, ಸೋಡಾ ಎರಡನ್ನೂ ತೂಕ ಮಾಡಬೇಕು. ಲೋಟದ ಅಳತೆ ನಡೆಯುವುದಿಲ್ಲ. 1 ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸಾಬೂನಾಗಲು ಸುಮಾರು 183 ಗ್ರಾಂ ಸೋಡಾ ಬೇಕು. ಹರಳೆಣ್ಣೆಗೆ ಸುಮಾರು 128 ಗ್ರಾಂ ಸಾಕು. ಕೊಬ್ಬರಿ ಎಣ್ಣೆಯ ಲೆಕ್ಕ ಹರಳೆಣ್ಣೆಗೆ ಹಾಕಿದರೆ ಸೋಡಾ ಹೆಚ್ಚಾಗಿ ಮೈ ಉರಿಯುತ್ತದೆ. ಲೆಕ್ಕಕ್ಕಿಂತ ನೂರಕ್ಕೆ 5ರಷ್ಟು ಸೋಡಾ ಕಡಿಮೆಯೇ ಹಾಕಿರಿ. ಯಾವಾಗಲೂ ನೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಕೈಗೆ ಗವಸು, ಕಣ್ಣಿಗೆ ಕನ್ನಡಕ ಇರಲಿ, ಕಿಟಕಿ ತೆರೆದಿರಲಿ. ಮೈಗೆ ಬಿದ್ದರೆ ಬೇರೇನೂ ಹಚ್ಚದೆ ಕನಿಷ್ಠ ಕಾಲು ತಾಸು ನೀರು ಸುರಿಯುತ್ತಾ ತೊಳೆದು ದವಾಖಾನೆಗೆ ಹೋಗಬೇಕು. ಯಾರಾದರೂ ಕುಡಿದರೆ ವಾಂತಿ ಮಾಡಿಸಬಾರದು, ಬಾಯಿ ತೊಳೆಸಿ ಕೂಡಲೇ ದವಾಖಾನೆಗೆ ಒಯ್ಯಬೇಕು.

ಕತ್ತರಿಸಿದ ಬಿಲ್ಲೆ ಒಣಗಲು 4ರಿಂದ 6 ವಾರ ಬೇಕು. ನಮ್ಮ ಖಾನಾಪುರದ ಮಳೆ ನಿಮಗೆ ಗೊತ್ತೇ ಇದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಿಲ್ಲೆ ಬೆವರುತ್ತದೆ, ಇನ್ನೂ ತಡವಾಗುತ್ತದೆ. ಅಂದರೆ ಇವತ್ತು ಹಾಕಿದ ದುಡ್ಡು ಎರಡು ತಿಂಗಳು ಕೈಗೆ ಬರುವುದಿಲ್ಲ. ಆದರೆ ಸಂಘದ ಸಾಲದ ಕಂತು ಮುಂದಿನ ತಿಂಗಳೇ ಬರುತ್ತದೆ. ನಾನು ಮೊದಲ ಕಂತನ್ನು ಅಂಗಡಿಯ ಸಂಬಳದಿಂದ ಕಟ್ಟಿ, ಮಗನ ಪುಸ್ತಕಕ್ಕೆ ಪರದಾಡಿದೆ. ಸಾಲ ತೆಗೆಯುವಾಗಲೇ "ಮೊದಲ ಕಂತು ಎರಡು ತಿಂಗಳ ಮೇಲೆ ಇರಲಿ" ಅಂತ ಠರಾವು ಮಾಡಿಸಿಕೊಳ್ಳಿರಿ.

ಈಗ ಲೆಕ್ಕಕ್ಕೆ ಬರೋಣ. 2 ಕಿಲೋ ಎಣ್ಣೆಯಿಂದ ಒಣಗಿದ ಮೇಲೆ 100 ಗ್ರಾಂನ ಸುಮಾರು 25 ಬಿಲ್ಲೆ ಆಗುತ್ತವೆ. ಎಣ್ಣೆ, ಸೋಡಾ, ಸುವಾಸನೆ, ಕಾಗದ ಸೇರಿ ನನಗೆ 875 ರೂಪಾಯಿ ಬಿತ್ತು ಅಂತ ಇಟ್ಟುಕೊಳ್ಳಿರಿ. ಬಿಲ್ಲೆಗೆ 40ರಂತೆ ಮಾರಿದರೆ 1,000 ರೂಪಾಯಿ. 125 ರೂಪಾಯಿ ಲಾಭ ಅಂತ ಖುಷಿಪಟ್ಟೆ. ಸಂಘದ ಪುಸ್ತಕ ಬರೆಯುವ ಅಕ್ಕ ಕೇಳಿದರು: "ನಿನ್ನ ಕೂಲಿ ಎಲ್ಲಿ ಬರದೀ?" ಬರೆದೇ ಇರಲಿಲ್ಲ! ಕಲೆಸುವುದು, ಕತ್ತರಿಸುವುದು, ಸುತ್ತುವುದು, ಮಾರುವುದು ಸೇರಿ 5 ತಾಸು. ಅಂದರೆ ತಾಸಿಗೆ 25 ರೂಪಾಯಿ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ದಿನಗೂಲಿ 370 ರೂಪಾಯಿ ಇತ್ತು. 8 ತಾಸಿಗೆ ಹಂಚಿದರೆ ತಾಸಿಗೆ 46. ಹೊರಗೆ ಮಣ್ಣು ಹೊತ್ತರೆ ಸಿಗುವುದರ ಅರ್ಧ ಸ್ವಲ್ಪ ಹೆಚ್ಚು ಅಷ್ಟೇ ನನ್ನ ಸ್ವಂತ ಉದ್ಯೋಗದಲ್ಲಿ ನನಗೆ ಸಿಕ್ಕಿತ್ತು.

ಈಗ ಕೂಲಿ 230 ಸೇರಿಸಿ 1,105 ಅಂತ ಬರೆಯುತ್ತೇವೆ. ಬಿಲ್ಲೆಗೆ 50 ರೂಪಾಯಿ. ಉಳಿಯುವ 145ರಲ್ಲಿ ಖೋಲಿ ಬಾಡಿಗೆ, ಒಡೆದ ಬಿಲ್ಲೆ, ಕಾಗದಪತ್ರದ ಖರ್ಚು. "ಅಂಗಡಿ ಸಾಬೂನು ಸಸ್ತಾ ಐತಲ್ಲ?" ಅಂತ ಕೇಳುತ್ತಾರೆ. ಹೌದು, 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ ತೆರಿಗೆ ಶೇ. 18ರಿಂದ 5ಕ್ಕೆ ಇಳಿಯಿತು. ಬೆಲೆಯಲ್ಲಿ ದೊಡ್ಡ ಕಂಪನಿಯ ಜೊತೆ ಓಡಲು ನಮಗೆ ಆಗುವುದಿಲ್ಲ. ಓಡಲು ಹೋದರೆ ಮೊದಲು ಕತ್ತರಿ ಬೀಳುವುದು ನಮ್ಮ ಕೂಲಿಗೇ.

ಖೋಲಿ ಅಂದೆನಲ್ಲ, ಅದು ಕಾನೂನಿನ ಮಾತು. ಮೈಗೆ ಹಚ್ಚುವ ಸಾಬೂನು 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಗೆ ಬರುತ್ತದೆ, ಮಾಡಿ ಮಾರಲು ಲೈಸೆನ್ಸ್ ಬೇಕು. ಅಡಿಗೆಮನೆಗೆ ಲೈಸೆನ್ಸ್ ಸಿಗುವುದಿಲ್ಲ. ಬೇರೆ ಜಾಗ ಬೇಕು, ವಿಷಯ ತಿಳಿದ ತಾಂತ್ರಿಕ ವ್ಯಕ್ತಿ ಬೇಕು. ನಮಗೆ ಇದು ತಡವಾಗಿ ಗೊತ್ತಾಗಿ ಮಾರಾಟ ನಿಲ್ಲಿಸಿದೆವು. ನಾಲ್ವರು ಸೇರಿ ಖೋಲಿ ಹಿಡಿದು, ಲೈಸೆನ್ಸ್ ಆದ ಮೇಲೆಯೇ ಮತ್ತೆ ಶುರುಮಾಡಿದೆವು. ಖೋಲಿಗೆ ಬೀಗ ಇದೆ, ಮಕ್ಕಳು ಬರುವುದಿಲ್ಲ. ಕಾನೂನಿಗಾಗಿ ಮಾಡಿದ್ದು ಮಗನಿಗೂ ಕಾವಲಾಯಿತು. ಪೊಟ್ಟಣದ ಮೇಲೆ ಹೆಸರು, ವಿಳಾಸ, ತೂಕ, ಬೆಲೆ, ತಯಾರಿಸಿದ ತಿಂಗಳು-ವರ್ಷ ಹಾಕಿರಿ. "ತುರಿಕೆ ಗುಣವಾಗುತ್ತದೆ" ಅಂತ ಬರೆಯಬೇಡಿರಿ. ಗೋವಾ ನಮಗೆ ಹತ್ತಿರ, ಆಸೆ ಆಗುತ್ತದೆ. ಕರ್ನಾಟಕದೊಳಗೆ ವರ್ಷಕ್ಕೆ 40 ಲಕ್ಷದವರೆಗೆ ಸರಕು ಮಾರಲು ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ಗಡಿ ದಾಟಿಸಿ ಮಾರಿದರೆ ಆ ವಿನಾಯಿತಿ ಸಿಗುವುದಿಲ್ಲ, ಮೊದಲು ತಿಳಿದವರನ್ನು ಕೇಳಿರಿ.

ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿರಿ. ನೀವು ಯಾವ ಉದ್ಯೋಗವನ್ನೇ ಮಾಡುತ್ತಿರಲಿ, ಪುಸ್ತಕದಲ್ಲಿ ಎರಡು ಹೊಸ ಸಾಲು ಬರೆಯಿರಿ. ಒಂದು, ನನಗೆ ಬೇಕಾದ ತಾಸು ಎಷ್ಟು, ಆ ಹೊತ್ತಿಗೆ ಮನೆ ನೋಡುವವರು ಯಾರು. ಎರಡು, ನನ್ನ ಕೂಲಿ ಎಷ್ಟು. ಎಣ್ಣೆಗೆ ಬೆಲೆ ಇದೆ, ಸೋಡಾಕ್ಕೆ ಬೆಲೆ ಇದೆ, ಸುತ್ತುವ ಕಾಗದಕ್ಕೂ ಬೆಲೆ ಇದೆ. ನಮ್ಮ ಕೈಗೆ ಮಾತ್ರ ಯಾಕೆ ಇರಬಾರದು?