ಬಾಗಿಲು ತೆರೆದಿರಲಿ
(ಶತಮಾನೋತ್ಸವದ ಅಂಗವಾಗಿ ನಡೆದ ಹೆತ್ತವರ ಹಾಗೂ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರರ ಸಂಭ್ರಮದಲ್ಲಿ ಸಾಧನೆಗಳನ್ನು ನೆನೆಯುವುದು ವಾಡಿಕೆ. ಸ್ಥಾಪಕರ ತ್ಯಾಗವನ್ನೂ, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕವೂ ಇಲ್ಲಿ ಕನ್ನಡದ ತರಗತಿಗಳು ನಿಲ್ಲದಂತೆ ಕಾಪಾಡಿದವರ ಛಲವನ್ನೂ ನನಗಿಂತ ಮೊದಲು ಮಾತನಾಡಿದವರು ಸ್ಮರಿಸಿದ್ದಾರೆ. ನಾನು ನನ್ನದೇ ಒಂದು ಸೋಲಿನಿಂದ ಮಾತು ಆರಂಭಿಸಲು ತಮ್ಮ ಅನುಮತಿಯನ್ನು ಬೇಡುತ್ತೇನೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಬೇರೊಂದು ಶಾಲೆಯಲ್ಲಿ ನಾನು ತರಗತಿ ಅಧ್ಯಾಪಿಕೆಯಾಗಿದ್ದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಚೀಲದಲ್ಲಿ ಗಾಂಜಾದ ಪೊಟ್ಟಣ ಸಿಕ್ಕಿತು. ಎಲ್ಲರೆದುರು ಅವನನ್ನು ನಿಲ್ಲಿಸಿ ಬೈದವಳು ನಾನೇ. ತಂದೆಯನ್ನು ಕರೆಸಿದೆವು, ಅವರು ಜಗಲಿಯಲ್ಲೇ ಮಗನಿಗೆ ಹೊಡೆದರು. ವಾರದೊಳಗೆ ವರ್ಗಾವಣೆ ಪತ್ರ ಕೊಟ್ಟು ಕಳುಹಿಸಿ, ಶಾಲೆ ಶುದ್ಧವಾಯಿತೆಂದು ನೆಮ್ಮದಿಪಟ್ಟೆವು. ಯಕ್ಷಗಾನದ ಅಭ್ಯಾಸವನ್ನು ಅವನು ಏಕೆ ಬಿಟ್ಟ, ತಿಂಗಳುಗಳಿಂದ ತರಗತಿಯಲ್ಲಿ ಏಕೆ ತೂಕಡಿಸುತ್ತಿದ್ದ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಕೆಲವು ವರ್ಷಗಳ ತರುವಾಯ ಅವನ ತಾಯಿ ಬಸ್ ನಿಲ್ದಾಣದಲ್ಲಿ ಸಿಕ್ಕರು. "ಅವತ್ತು ನೀವು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದ ಟೀಚರೇ, ನಿಮ್ಮನ್ನು ಕಂಡರೆ ಅವನಿಗೆ ಪ್ರೀತಿ ಇತ್ತು" ಎಂದರು. ಮಗ ಎಲ್ಲಿದ್ದಾನೆಂಬುದು ಅವರಿಗೂ ತಿಳಿದಿರಲಿಲ್ಲ.

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ವ್ಯಸನವನ್ನು ನಾವು ಅಪರಾಧವೆಂದೋ ಸಂಸ್ಕಾರದ ಕೊರತೆಯೆಂದೋ ಬಗೆಯುತ್ತೇವೆ. ಅನೇಕ ವೇಳೆ ಅದರ ಹಿಂದೆ ಖಿನ್ನತೆ, ಭಯ, ಮನೆಯೊಳಗಿನ ಹೊಡೆತ, ಹೇಳಿಕೊಳ್ಳಲಾಗದ ಅವಮಾನಗಳು ಅಡಗಿರುತ್ತವೆ. ಅದು ಚಿಕಿತ್ಸೆಗೆ ಒಳಪಡುವ ಕಾಯಿಲೆ. ಬಿಟ್ಟವರು ಮತ್ತೆ ಜಾರುವುದೂ ಉಂಟು. ಮಧುಮೇಹ ಮರಳಿ ಏರಿದಾಗ ರೋಗಿಯನ್ನು ಯಾರೂ ಹಳಿಯುವುದಿಲ್ಲವಷ್ಟೆ.

ಇಂತಹ ಆರೈಕೆ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಾಧ್ಯವೆಂಬ ಭಾವನೆಯನ್ನು ಕನ್ನಡ ನೆಲವೇ ಸುಳ್ಳು ಮಾಡಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಲುಪಿಸಿತು. ಆ ಮಾದರಿಯ ಆಧಾರದಲ್ಲಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ನೆರೆಹೊರೆಯವರೂ ಅಧ್ಯಾಪಕರೂ ಆರೈಕೆಯ ಮೊದಲ ಮೆಟ್ಟಿಲಾಗಬಲ್ಲರು ಎಂಬುದೇ ಅದರ ಪಾಠ.

ಆ ಮೊದಲ ಮೆಟ್ಟಿಲಲ್ಲಿ ನಿಂತವರು ತಿಳಿದಿರಲೇಬೇಕಾದ ಕೆಲವು ಸಂಗತಿಗಳಿವೆ. ವರ್ಷಗಟ್ಟಲೆ ನಿತ್ಯ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲೆರಡು ದಿನಗಳಲ್ಲಿ ಕೈನಡುಕ, ಬೆವರು, ಅಪಸ್ಮಾರ ಕಾಣಿಸಿಕೊಳ್ಳಬಹುದು. ಎರಡರಿಂದ ನಾಲ್ಕನೆಯ ದಿನದ ಸುಮಾರಿಗೆ ದಿಗ್ಭ್ರಮೆ, ಇಲ್ಲದುದನ್ನು ಕಾಣುವುದು, ಜ್ವರ ತೋರಬಹುದು. ಇದು ಪ್ರಾಣಕ್ಕೇ ಎರವಾಗಬಲ್ಲುದು. ಹರಕೆ ಹೊತ್ತು ಕುಡಿತ ಬಿಡುವ ಸಂಕಲ್ಪ ದೊಡ್ಡದು. ಆದರೆ ಕೋಣೆಯಲ್ಲಿ ಕೂಡಿಹಾಕಿ ಬಿಡಿಸಹೊರಡುವುದು ಅಪಾಯ. ವೈದ್ಯರ ಸಲಹೆ ಜತೆಗಿರಲೇಬೇಕು. ಅಪಸ್ಮಾರ ಬಂದಾಗ ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಬೇಕು. ಅಮಲಿನಲ್ಲಿ ಎಬ್ಬಿಸಿದರೂ ಏಳದವರನ್ನು, ಉಸಿರು ನಿಧಾನವಾದವರನ್ನು 'ನಿದ್ದೆ ಮಾಡಲಿ' ಎಂದು ಬಿಟ್ಟುಬಿಡಬಾರದು.

ಬದುಕು ಸಾಕೆಂಬ ಮಾತು ಮಕ್ಕಳ ಬಾಯಲ್ಲಿ ಬಂದರೆ ಹಗುರವಾಗಿ ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುವುದಿಲ್ಲ; ಕೇಳಿದವರೊಬ್ಬರಿದ್ದಾರೆಂಬ ಸಮಾಧಾನವೇ ಹೆಚ್ಚು. ತೋಟಕ್ಕೆಂದು ತಂದಿಟ್ಟ ಕೀಟನಾಶಕ, ಮಾತ್ರೆಗಳು ಕೈಗೆ ಸಿಗದಂತೆ ಬೀಗದಲ್ಲಿರಲಿ. ಅವರನ್ನು ಒಂಟಿಯಾಗಿ ಬಿಡಬೇಡಿ.

ಕಾನೂನಿನ ಅಂಜಿಕೆ ಎಷ್ಟೋ ಮನೆಗಳ ಬಾಯಿ ಕಟ್ಟಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಕಲಮಿನಂತೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದು ಭಾವಿಸಬೇಕೇ ಹೊರತು, ಅದು ಸುಳ್ಳೆಂದು ಸಿದ್ಧವಾಗದೆ ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ನೀಡುವುದು ಸರಕಾರದ ಕರ್ತವ್ಯ. 1985ರ ಮಾದಕ ದ್ರವ್ಯ ಕಾಯಿದೆಯ 64ಎ ಕಲಮು ಕೂಡ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿಯೇ ಸರಕಾರದ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಬಯಸಿ ಅದನ್ನು ಪೂರ್ಣಗೊಳಿಸಿದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಕೇರಳದ ಅಬಕಾರಿ ಇಲಾಖೆಯ 'ವಿಮುಕ್ತಿ' ಯೋಜನೆಯಲ್ಲಿ ವ್ಯಸನಮುಕ್ತಿ ಕೇಂದ್ರಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ.

ಭಾಷೆಯ ಮಾತನ್ನು ಇಲ್ಲಿ ಹೇಳದಿರಲಾರೆ. ಮನೆಯಲ್ಲಿ ತುಳುವನ್ನೋ ಹವ್ಯಕವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತ ನಮ್ಮ ಮಕ್ಕಳು ಪೇಟೆಯಲ್ಲಿ ಮಲಯಾಳದಲ್ಲಿ ಸರಾಗವಾಗಿ ವ್ಯವಹರಿಸುತ್ತಾರೆ. ಆದರೆ ಎದೆಯ ನೋವನ್ನು ವ್ಯವಹಾರದ ಭಾಷೆಯಲ್ಲಿ ತೋಡಿಕೊಳ್ಳುವುದು ಕಷ್ಟ. ಸಹಾಯವಾಣಿಯಲ್ಲಾಗಲಿ ಚಿಕಿತ್ಸಾಲಯದಲ್ಲಾಗಲಿ ಕನ್ನಡದಲ್ಲಿ ಮಾತನಾಡಬೇಕೆಂದು ಕೇಳಲು ಸಂಕೋಚಪಡಬೇಡಿ. ಕನ್ನಡ ಶಾಲೆಯೊಂದು ಉಳಿಯಬೇಕಾದುದು ಮಕ್ಕಳು ಓದಿ ಬರೆಯಲೆಂದು ಮಾತ್ರವಲ್ಲ, ಅಳಬೇಕೆನಿಸಿದಾಗ ಅವರಿಗೆ ಮಾತು ಸಿಗಲೆಂದೂ ಹೌದು.

ಆದುದರಿಂದ ಈ ಶತಮಾನೋತ್ಸವದಲ್ಲಿ ಒಂದು ಸಂಕಲ್ಪವನ್ನು ತಮ್ಮ ಮುಂದಿಡುತ್ತೇನೆ. ಅಮಲು ಪದಾರ್ಥದೊಡನೆ ಸಿಕ್ಕ ಮಗುವಿನ ಕೈಗೆ ನಾವು ಮೊದಲು ವರ್ಗಾವಣೆ ಪತ್ರವನ್ನು ಕೊಡುವುದಿಲ್ಲ. ಕುಳಿತುಕೊಳ್ಳಲು ಕುರ್ಚಿ ಕೊಡುತ್ತೇವೆ. ಹೆತ್ತವರೇ, ಶಾಲೆಯಿಂದ ಕರೆ ಬಂದಾಗ ಕೈ ಎತ್ತದೆ ಬನ್ನಿ. ಹಳೆ ವಿದ್ಯಾರ್ಥಿಗಳಲ್ಲಿ ವೈದ್ಯರೂ ದಾದಿಯರೂ ಆಪ್ತಸಮಾಲೋಚಕರೂ ಇದ್ದೀರಿ. ಹೊಸ ಕಟ್ಟಡಕ್ಕೆ ಕೊಡುಗೆ ನೀಡಿದ ತಾವು ತಿಂಗಳಿಗೊಂದು ಅಪರಾಹ್ನವನ್ನೂ ಈ ಮಕ್ಕಳಿಗಾಗಿ ಕೊಡಬೇಕೆಂದು ಬಿನ್ನವಿಸುತ್ತೇನೆ.

ಆ ಹುಡುಗನಿಗೀಗ ಮೂವತ್ತು ದಾಟಿರಬೇಕು. ಅವನನ್ನು ಕೇಳದೆ ಉಳಿದ ಪ್ರಶ್ನೆಯನ್ನು ಮುಂದಿನ ಮಕ್ಕಳಿಗಾದರೂ ಹೊತ್ತು ಮೀರುವ ಮೊದಲು ಕೇಳೋಣ. "ಏನಾಯಿತು ಮಗಾ?"